ಮೇಷ್ಟ್ರ ಫೋಟೋದಲ್ಲಿ ನನ್ನ ಹೆಂಡತಿ

ಕೋವಿಡ್ ಮುಗಿದು ಮದುವೆಗಳು ಮತ್ತೆ ಛತ್ರಕ್ಕೆ ಬಂದ ವರ್ಷ. ಶಿರಾದ ಪೇಟೆಯಲ್ಲಿ ನಾನು ಸ್ಟುಡಿಯೋ ಇಟ್ಟು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಕಳ್ಳಂಬೆಳ್ಳದಿಂದ ಹುಲಿಕುಂಟೆಯವರೆಗೆ ನನ್ನ ಕ್ಯಾಮೆರಾ ನೋಡದ ಮದುವೆಮನೆ ಕಡಿಮೆ. ಆ ವರ್ಷ ಊರಿನ ಕೆಲವರು ಸೇರಿ ಶಿರಾದ ಬೀದಿಗಳ ಫೋಟೋ ಪ್ರದರ್ಶನ ಮಾಡುವುದೆಂದು ನಿರ್ಧರಿಸಿದರು. ಸುಬೇದಾರರು ಆಳಿದ ಹಳೆಯ ಪಟ್ಟಣ. ಸಂತೆಯ ದಿನ ಇವತ್ತಿಗೂ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಯ್ಕೆಯಾದ ಒಂದು ಚಿತ್ರವನ್ನು ಆರಡಿ ಅಗಲಕ್ಕೆ ದೊಡ್ಡದು ಮಾಡಿ ಬಾಗಿಲಲ್ಲೇ ನಿಲ್ಲಿಸುವವರಿದ್ದರು. ಅದು ನನ್ನದೇ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಸ್ಟ್ರೀಟ್ ಫೋಟೋಗ್ರಫಿ ಎಂದರೆ ಯಾರನ್ನೂ ನಿಲ್ಲಿಸದೆ, ಬೀದಿಯನ್ನು ಇದ್ದ ಹಾಗೆಯೇ ಹಿಡಿಯುವುದು. ಆದರೆ ನಾನು ಕ್ಯಾಮೆರಾ ಹೊತ್ತು ಪೇಟೆಗೆ ಇಳಿದರೆ ಸಾಕು, ಈರುಳ್ಳಿ ಮಂಡಿಯವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಹೂವಿನವಳು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

"ತಡಿಯಣ್ಣ, ನಮ್ ಹೆಂಗಸ್ರುನ್ನೂ ಕರೀತೀನಿ, ಎಲ್ರುದ್ದೂ ಒಂದ್ ಕಿತ ತೆಗ್ದ್ಬುಡು" ಎನ್ನುತ್ತಿದ್ದ ಮಂಡಿಯವನು.

ವಾರಗಟ್ಟಲೆ ಅಲೆದರೂ ನನಗೆ ಸಿಕ್ಕಿದ್ದು ಗ್ರೂಪ್ ಫೋಟೋಗಳೇ.

ನರಸಿಂಹುಲು ಎಂಬ ಲೆಕ್ಕದ ಮೇಷ್ಟ್ರು ಪಾವಗಡದಿಂದ ವರ್ಗವಾಗಿ ಆಗಷ್ಟೇ ಬಂದಿದ್ದರು. ಪೇಟೆಯಲ್ಲಿ ಅವರ ಗುರುತು ಯಾರಿಗೂ ಇಲ್ಲ. ಜೇಬಿನಿಂದ ಫೋನು ತೆಗೆದು, ಒಂದು ಚಿತ್ರ ಹಿಡಿದು, ಟೀ ಕುಡಿದು ಹೋಗುತ್ತಿದ್ದರು. ಆಯ್ಕೆಯಾದದ್ದು ಅವರ ಚಿತ್ರ. ನನ್ನ ಹೊಟ್ಟೆ ಉರಿದುಹೋಯಿತು. ಗಾಯದ ಮೇಲೆ ಬರೆ ಎಳೆದಂತೆ, ಅಷ್ಟು ದೊಡ್ಡ ಪ್ರಿಂಟ್ ಹಾಕುವ ಮೆಷಿನ್ ಊರಿನಲ್ಲಿ ಇದ್ದದ್ದು ನನ್ನೊಬ್ಬನ ಹತ್ತಿರ.

"ಅಂಚುಗಿಂಚು ನೀವೇ ನೋಡ್ಕಳಿ ಅನ್ನಾ, ನಾಕೇಮೀ ತೆಲೀದು" ಎಂದು, ತಮಗೇನೂ ಗೊತ್ತಿಲ್ಲವೆಂಬುದನ್ನು ಪಾವಗಡದ ತೆಲುಗಿನಲ್ಲೇ ಹೇಳಿ ಫೈಲ್ ಕೊಟ್ಟು ಹೋದರು.

ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದೆ. ನಡುವೆ ದಾಳಿಂಬೆಯ ತಳ್ಳುಗಾಡಿ, ಆಟೋ, ಜನ. ಎಡ ಅಂಚಿನಲ್ಲಿ, ಪೇಟೆಯವರೆಲ್ಲ ಭಾಬಿ ಎಂದು ಕರೆಯುವವಳ ಬಳೆ ಅಂಗಡಿ. ಅಲ್ಲಿ ಕೈ ಚಾಚಿ ಕೂತು, ತಲೆ ಹಿಂದಕ್ಕೆ ಹಾಕಿ, ಬಾಯ್ತುಂಬ ನಗುತ್ತಿದ್ದವಳು ನನ್ನ ಹೆಂಡತಿ ಸುಜಾತ. ಮದುವೆಯಾದಂದಿನಿಂದ ಅವಳ ನೂರಾರು ಫೋಟೋ ತೆಗೆದಿದ್ದೇನೆ, ಒಂದರಲ್ಲೂ ಈ ನಗು ಇಲ್ಲ. ಸ್ಪರ್ಧೆಯಲ್ಲಿ ಸೋತ ಕಿಚ್ಚು ಒಂದು, ನನ್ನ ಮನೆಯ ನಗು ಯಾವನೋ ಹೊರಗಿನವನ ಫೋನಿಗೆ ಸಿಕ್ಕಿದ ಕಿಚ್ಚು ಇನ್ನೊಂದು. ಎರಡನೆಯದೇ ಜೋರಾಗಿತ್ತು.

ಕ್ರಾಪ್ ಎಂದರೆ ಚಿತ್ರದ ಅಂಚು ಕತ್ತರಿಸುವುದು. ಬಳೆ ಅಂಗಡಿಯಷ್ಟು ಹೋದರೆ ಮೇಷ್ಟ್ರಿಗೂ ತಿಳಿಯುತ್ತಿರಲಿಲ್ಲ. ಮೌಸ್ ಎಳೆದೆ, ಸುಜಾತ ಮಾಯವಾದಳು. ಚಿತ್ರಕ್ಕೇನೂ ಕಡಿಮೆಯಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಿಂಟ್ ಕೊಡಬೇಕು ಅನ್ನುವಷ್ಟರಲ್ಲಿ ಅವಳೇ ಊಟದ ಡಬ್ಬಿ ಹಿಡಿದು ಒಳಗೆ ಬಂದಳು.

ಸ್ಕ್ರೀನ್ ನೋಡಿ, "ಈ ದಾಳಿಂಬೆ ಗಾಡಿ ಪಕ್ಕದಾಗೇ ಕಣ್ರೀ ಮೊನ್ನೆ ನಾನು ಬಳೆ ಇಕ್ಕಿಸ್ಕಂಡಿದ್ದು. ಬಳೆ ಅಂಗ್ಡಿ ಎಲ್ಲೋಯ್ತು?" ಎಂದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕ್ರಾಪ್ ಬಿಚ್ಚಿದೆ. ಅಂಗಡಿಯ ಜೊತೆ ಅವಳೂ ಬಂದಳು.

"ಅಷ್ಟು ನಗೋಕೆ ಏನಾಗಿತ್ತು?" ಎಂದು ಕೇಳಿದೆ. ದನಿಯಲ್ಲಿ ಕಿಚ್ಚು ನನಗೇ ಕೇಳಿಸಿತು.

"ಬಳೆ ಭಾಬಿ ನಿಮ್ಮಂಗೆ ಆಡಿ ತೋರಿಸಿದ್ಲು. 'ಗದ್ದ ಮೇಲೆ, ಬಾಯಿ ಮುಚ್ಚಿ, ಸ್ಮೈಲ್ ಪ್ಲೀಸ್' ಅಂತ. ಅಚ್ಚು ನೀವೇ."

ಅವಳು ಡಬ್ಬಿ ಕೆಳಗಿಡುವುದನ್ನೂ ಮರೆತು ಚಿತ್ರವನ್ನೇ ನೋಡುತ್ತಿದ್ದಳು.

"ನಕ್ರೆ ನಾನು ಇಂಗೆ ಕಾಣ್ತೀನಾ? ನಂಗೆ ಗೊತ್ತೇ ಇರ್ಲಿಲ್ಲ."

ಕೂದಲೆಳೆಯಷ್ಟೂ ಕತ್ತರಿಸದೆ ಪ್ರಿಂಟ್ ಹಾಕಿದೆ. ಪ್ರದರ್ಶನದ ದಿನ ಮೇಷ್ಟ್ರಿಗೆ ಶಾಲು ಹೊದಿಸಿದಾಗ ನಾನು ಚಪ್ಪಾಳೆ ತಟ್ಟಿದ್ದು ಹಲ್ಲು ಕಚ್ಚಿಕೊಂಡೇ. ಈ ಕಸುಬಿನಲ್ಲಿ ಹೊಟ್ಟೆಕಿಚ್ಚು ತಪ್ಪಿದ್ದಲ್ಲ, ಆದರೆ ಅದರ ಕೈಗೆ ಕತ್ತರಿ ಕೊಡಬಾರದು ಎಂಬುದನ್ನು ಅಂದು ಕಲಿತೆ. ಕಿಚ್ಚು ಮಾತ್ರ ಇನ್ನೂ ಆರಿಲ್ಲ. ಫೋಟೋಗ್ರಾಫರನ ಹೆಂಡತಿ ತನ್ನ ನಗುವನ್ನು ಮೊದಲ ಸಲ ನೋಡಿದ್ದು ಗಂಡನ ಸ್ಟುಡಿಯೋದಲ್ಲಿ, ಇನ್ನೊಬ್ಬ ತೆಗೆದ ಚಿತ್ರದಲ್ಲಿ.