ಬಾವಿಯ ಚುಕ್ಕೆ

ಹಳೆಯ ನಕ್ಷೆ ಹಿಡಿದು ಖಾನಾಪುರದ ಪೇಟೆಯಲ್ಲಿ ನಿಂತರೆ ಜನರಿಗೆ ಮೊದಲು ಹೊಳೆಯುವುದು ರಸ್ತೆ ಅಗಲ ಮಾಡುವ ಸುದ್ದಿ. "ನಮ್ಮ ಅಂಗಡಿ ಎಷ್ಟ ಹೋಗತೈತ್ರಿ ಮೇಡಂ?" ಎಂದು ಕಿರಾಣಿ ಅಂಗಡಿಯವರೊಬ್ಬರು ನನ್ನನ್ನು ಕೂರಿಸಿ, ಚಹಾ ಕೊಟ್ಟು ಕೇಳಿದರು. ಇದು ಇಂಗ್ಲಿಷರ ಕಾಲದ ನಕ್ಷೆ, ಇದರಲ್ಲಿ ನಿಮ್ಮ ಅಂಗಡಿ ಇನ್ನೂ ಹುಟ್ಟೇ ಇಲ್ಲ ಎಂದೆ. ಅವರಿಗೆ ಇನ್ನಷ್ಟು ದಿಗಿಲಾಯಿತು.

ನಾನು ಬೆಳಗಾವಿಯಲ್ಲಿ ಭೂಗೋಳ ಕಲಿಸುವವಳು. ರಜೆ ಸಿಕ್ಕರೆ ಬಸ್ಸು ಹತ್ತಿ ಹುಟ್ಟೂರಿಗೆ ಬಂದು ಹೀಗೆ ತಿರುಗುತ್ತೇನೆ. ನಕ್ಷೆಯಲ್ಲಿ ರೈಲು ನಿಲ್ದಾಣ ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಮಲಪ್ರಭೆಗೆ ಇಳಿಯುವ ಒಂದು ಕಾಲುದಾರಿಯನ್ನು ಹುಡುಕುತ್ತ ಹೋದರೆ ಮನೆಗಳ ಹಿಂದೆ ಇಳಿಜಾರು ಹಾಗೇ ಇತ್ತು, ಅದರ ಮೇಲೆ ಸ್ಕೂಟರುಗಳು ನಿಂತಿದ್ದವು. ನನ್ನ ಮನೆಯವರು ನಕ್ಕರೂ ನನಗೆ ಇಷ್ಟು ಖುಷಿ ಕೊಡುವ ಕೆಲಸ ಬೇರೆ ಇಲ್ಲ.

ಈ ಹುಚ್ಚಿನ ಸುದ್ದಿ ಕಾಕಾನ ಕಿವಿಗೆ ಬಿತ್ತು. ಅಪ್ಪನ ತಮ್ಮ ಅವರು, ಊರಲ್ಲೇ ಇದ್ದಾರೆ. ಹೇಳಿ ಕಳಿಸಿದರು.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಕೂರಿಸಿ ಸಮಾಧಿ ಮಾಡುತ್ತಾರೆ. ಪಾರಿಶ್ವಾಡದ ಹಾದಿಯಲ್ಲಿರುವ ನಮ್ಮ ಹೊಲದಲ್ಲಿ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಬಾವಿಯ ಪಕ್ಕ ಇಟ್ಟಾಗ ಅಪ್ಪ, ಕಾಕಾ ಇಬ್ಬರೂ ಚಡ್ಡಿ ಹಾಕುವ ಹುಡುಗರು. ಮುಂದೆ ಬಾವಿ ಬತ್ತಿತು. ಅದನ್ನು ಮುಚ್ಚಿ ಹೊಲ ಸಮ ಮಾಡಿಸುವಾಗ ಗುರುತಿನ ಕಲ್ಲೂ ಹೋಯಿತು. ಬಾವಿ ಇದ್ದದ್ದು ಇಲ್ಲಿ ಎಂದು ಅಪ್ಪ, ಅಲ್ಲಿ ಎಂದು ಕಾಕಾ. ಹಟದಲ್ಲಿ ಇಬ್ಬರೂ ಏನು ಕಡಿಮೆ! ತಮತಮಗೆ ಸರಿ ಕಂಡಲ್ಲಿ ಒಂದೊಂದು ಕಲ್ಲು ನೆಟ್ಟರು. ನಡುವೆ ಒಂದು ಟ್ರ್ಯಾಕ್ಟರ್ ತಿರುಗಿಸುವಷ್ಟು ಜಾಗ. ಹೊಲ ಪೂಜಿಸುವ ಶೀಗಿ ಹುಣ್ಣಿಮೆಗೆ ಒಂದೇ ಬುತ್ತಿ ಕಟ್ಟಿಕೊಂಡು ಹೋಗಿ, ಎರಡು ಕಡೆ ವಿಭೂತಿ ಹಚ್ಚಿ, ಎರಡು ಕಡೆ ಎಡೆ ಇಟ್ಟು, ಮತ್ತೆ ಒಂದೇ ಕಡೆ ಕೂತು ಉಣ್ಣುತ್ತಿದ್ದರು. ಸಣ್ಣವಳಿದ್ದಾಗ ಅಪ್ಪನಿಗೆ ಇಬ್ಬರು ತಾಯಂದಿರು ಎಂದೇ ನಾನು ನಂಬಿದ್ದೆ.

ಅಪ್ಪ ತೀರಿಕೊಂಡಾಗ ಅವರ ಆಸೆಯಂತೆ ಅವರು ನೆಟ್ಟ ಕಲ್ಲಿನ ಬಲಕ್ಕೆ ಇಟ್ಟೆವು. ಮಣ್ಣು ಕೊಡುವಾಗಲೂ ಕಾಕಾ ಸುಮ್ಮನಿರಲಿಲ್ಲ. "ಅವ್ವ ಇಲ್ಲದ ಜಾಗಾದಾಗ ಹೋಗಿ ಕುಂತನಲ್ಲೋ ನಮ್ಮಣ್ಣ" ಎಂದು ಅತ್ತರು. ನನಗೆ ಮೈಯೆಲ್ಲ ಉರಿಯಿತು.

ಈಗ ಕಾಕಾ ವಯಸ್ಸಾಗಿ ಸೋತಿದ್ದರು. ತಮ್ಮ ಕಲ್ಲಿನ ಪಕ್ಕದಲ್ಲೇ ತಮ್ಮನ್ನು ಇಡಬೇಕೆಂದು ಮಗನಿಗೆ ಹೇಳಿಟ್ಟಿದ್ದರು. ಆದರೂ ಒಳಗೆ ಅನುಮಾನ. "ನಿನ್ನ ನಕಾಶಿದಾಗ ನಮ್ಮ ಬಾವಿ ಐತೇನ ನೋಡವಾ. ನಾ ಹೋಗೂದರೊಳಗ ಅವ್ವ ಎಲ್ಲಿ ಅದಾಳ ಗೊತ್ತಾಗಬೇಕು" ಎಂದರು.

ಬಾವಿ ಇತ್ತು. ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆ. ಅಪ್ಪನೇ ಗೆಲ್ಲಲಿ ಎಂದು ಮನಸ್ಸು ಹಾರೈಸಿತು, ಮುಚ್ಚಿಡುವುದೇನು! ಕಾಕಾ ಕನ್ನಡಕ ಏರಿಸಿ, ಇಳಿಸಿ, "ದೊಡ್ಡದ ಮಾಡಸ" ಎಂದರು. ಬೆಳಗಾವಿಯ ಫ್ಲೆಕ್ಸ್ ಅಂಗಡಿಯಲ್ಲಿ ಆ ಭಾಗವನ್ನಷ್ಟೇ ಚಾಪೆಯಷ್ಟು ದೊಡ್ಡದು ಮಾಡಿಸಿ ತಂದು ಅವರ ಪಡಸಾಲೆಯಲ್ಲಿ ಹಾಸಿದೆ. ಚುಕ್ಕೆಯೂ ಹಿಗ್ಗಿ ಜೋಳದ ರೊಟ್ಟಿಯಷ್ಟಾಗಿತ್ತು. ಹೊಲಕ್ಕೆ ಹೋಗಿ ಎರಡೂ ಕಲ್ಲುಗಳ ಜಾಗವನ್ನು ಫೋನಿನಲ್ಲಿ ಗುರುತು ಮಾಡಿಕೊಂಡು ಬಂದಿದ್ದೆ. ಅಪ್ಪನ ಕಲ್ಲಿಗೆ ಒಂದು ಕಡಲೆಕಾಳು, ಕಾಕಾನ ಕಲ್ಲಿಗೆ ಒಂದು ಇಟ್ಟೆ. ಎರಡೂ ಚುಕ್ಕೆಯ ಒಳಗೇ ಕೂತವು.

ಒಂದು ಮೈಲಿಯನ್ನು ಒಂದು ಇಂಚಿಗೆ ಇಳಿಸಿದ ನಕ್ಷೆ ಇದು, ಲೇಖನಿಯ ಮೊನೆ ಊರಿದರೆ ಅರ್ಧ ಹೊಲವೇ ಅದರಡಿ ಹೋಗುತ್ತದೆ ಎಂದು ವಿವರಿಸಿದೆ. ಅಪ್ಪನ ಪರವಾಗಿ ಒಂದು ಸುಳ್ಳು ಹೇಳುವುದು ನನಗೆ ಕಷ್ಟವಿರಲಿಲ್ಲ. ಬಾಯಿ ಬರಲಿಲ್ಲ.

"ಅಂದರ ಯಾರದ ಖರೇ?"

"ಹೇಳಾಕ ಬರೂದಿಲ್ರಿ ಕಾಕಾ. ನಕಾಶಿಗೆ ನಿಮ್ಮಿಬ್ಬರ ಕಲ್ಲೂ ಒಂದ."

ಅವರು ಕನ್ನಡಕ ತೆಗೆದು ನಕ್ಷೆಯ ಮೇಲಿಟ್ಟರು. ಆಮೇಲೆ ಒಳಗಿದ್ದ ಮಗನನ್ನು ಕರೆದರು.

"ನನ್ನನ್ನ ಅಣ್ಣನ ಬಾಜೂಕ ಇಡ್ರಿ. ಅವ್ವ ನಮ್ಮನ್ನ ಎರಡ ಕಡೆ ಹುಡಕೂದ ಬ್ಯಾಡ."