ಕಾರಿನ ಬಾಯಿ ಮುಚ್ಚಿಸುವ ಬಿಲ್ಲೆ

ನನ್ನ ಸೋದರಮಾವ ಮೂವತ್ತು ವರ್ಷದಿಂದ ಕಾರುಗಳಿಗೆ ಮುಂದಿನ ಗಾಜು ಕೂರಿಸುತ್ತಾನೆ. ಕಲ್ಲು ಬಡಿದ ಗಾಜಿನಲ್ಲಿ ಸಣ್ಣ ಕುಳಿ ಇರುತ್ತದೆ. ಒಳಗಿನಿಂದ ತಲೆ ಬಡಿದದ್ದು ಜೇಡರ ಬಲೆಯಂತೆ ಬಿರಿದು ಹೊರಕ್ಕೆ ಉಬ್ಬಿರುತ್ತದೆ. ಬಿರುಕಿನಲ್ಲಿ ಸಿಕ್ಕಿಕೊಂಡ ಕೂದಲನ್ನು ಕೀಳುವಾಗಲೂ ಮಾವ ಮುಖ ಸಿಂಡರಿಸುವವನಲ್ಲ. ಅವನಿಗೆ ವಾಕರಿಕೆ ಬರುವುದು ಸೀಟ್ ಬೆಲ್ಟಿನ ಬಕಲ್ಲಿಗೆ ತುರುಕಿದ ತಗಡಿನ ಬಿಲ್ಲೆ ಕಂಡಾಗ. ಅದನ್ನು ಸಿಕ್ಕಿಸಿಟ್ಟರೆ ಬೆಲ್ಟು ಹಾಕದಿದ್ದರೂ ಕಾರು ಕೂಗುವುದಿಲ್ಲ.

ಮೊನ್ನೆ ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡ ವಿಜ್ಞಾನದ ಮೇಷ್ಟ್ರು ತಮ್ಮ ಅಳಿಯನ ಜೊತೆ ಅವನ ಕಾರಿನಲ್ಲಿ ಬಂದರು.

"ನಾಯಿ ಅಡ್ಡ ಬಂತು, ಅಳಿಯ ಬ್ರೇಕ್ ಒತ್ತಿದ. ದರಿದ್ರ ಬ್ರೇಕು ನನ್ನನ್ನ ಎತ್ತಿ ಎಸೀತು ಕಣಯ್ಯ."

"ಬ್ರೇಕು ಯಾರನ್ನೂ ಎಸೆಯಲ್ಲ ಮೇಷ್ಟ್ರೇ. ಕಾರು ನಿಂತಿತು, ನೀವು ನಿಲ್ಲಲಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಹೋದಿರಿ. ಬೆಲ್ಟು ಹಾಕಿದ್ರೆ ಅದು ನಿಲ್ಲಿಸ್ತಿತ್ತು. ಹಾಕಲಿಲ್ಲ, ಗಾಜು ನಿಲ್ಲಿಸ್ತು."

ಮೇಷ್ಟ್ರು ತಲೆದೂಗಿದರು. ಕೋಣನ ಮುಂದೆ ಕಿನ್ನರಿ! ಮಾವ ಗಾಜು ಕೂರಿಸಿ, ಅವರ ಸೀಟಿನ ಬಿಲ್ಲೆಯನ್ನು ಸದ್ದಿಲ್ಲದೆ ಕಿತ್ತು, ಅಂಥವೇ ತುಂಬಿದ್ದ ಡಬ್ಬಿಗೆ ಎಸೆದ.

ಮರುದಿನ ಮೇಷ್ಟ್ರು ಮತ್ತೆ ಹಾಜರು.

"ಗಾಜು ಚೆನ್ನಾಗಿದೆ. ಬಕಲ್ಲಲ್ಲಿ ಒಂದು ಬಿಲ್ಲೆ ಇತ್ತಲ್ಲ, ಕಾಣ್ತಿಲ್ಲ. ದಾರಿಯುದ್ದಕ್ಕೂ ಕಾರು ಬಡ್ಕೊಳ್ತಾನೇ ಇತ್ತು."

ಮಾವ ಡಬ್ಬಿಯನ್ನು ತಂದು ಅವರ ಮುಂದೆ ಕುಕ್ಕಿದ.

"ಇದರಲ್ಲಿ ನಾಲ್ಕು ಬಿಲ್ಲೆ ಸತ್ತವರ ಸೀಟಿನವು. ನೋಡಿ ಆರಿಸ್ಕೊಳ್ಳಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಆರಿಸತೊಡಗಿದರು.