ಶುಲ್ಕವಲ್ಲ, ಪಟ್ಟಿ

ಆಗಬಹುದಾಗಿದ್ದ ಅನಾಹುತಗಳನ್ನು ಮೊದಲೇ ಹೇಳಿಬಿಡುತ್ತೇನೆ. ಬೋರಿನ ನೀರು ಮಾರುವ ಅಜ್ಜ ನನ್ನನ್ನು ಕಟ್ಟೆಯ ಮೇಲಿಂದಲೇ ಬೈದು ಅಟ್ಟಬಹುದಿತ್ತು. ನಾಯಿ ಬಿಡಬಹುದಿತ್ತು. ಹೆಡ್ ಮಾಸ್ತರನಾದ ನಾನು ನೀರಿನ ಮೇಲೆ ರೊಕ್ಕ ಎತ್ತುತ್ತೇನೆ ಎಂದು ಯಾರೋ ಅರ್ಜಿ ಬರೆದು, ‘ಯಾವ ಆದೇಶದ ಮೇರೆಗೆ?’ ಎಂದು ಮೇಲಿನವರಿಂದ ನೋಟಿಸು ಬರಬಹುದಿತ್ತು. ಸಿಟ್ಟಾದ ಟ್ಯಾಂಕರಿನವರು ಶಾಲೆಯ ಗೇಟಿಗೆ ಗಾಡಿ ಅಡ್ಡ ನಿಲ್ಲಿಸಬಹುದಿತ್ತು. ಅದೇ ವಾರ ಬೋರು ಬತ್ತಿ, ಮಾಸ್ತರನ ಕಣ್ಣು ಬಿತ್ತು ಎಂದು ಊರು ಮಾತಾಡಬಹುದಿತ್ತು. ಎಲ್ಲಕ್ಕಿಂತ ದೊಡ್ಡದು: ನಮ್ಮ ಗಣಿತದ ಟೀಚರು ಗದಗಿನ ಖಾಸಗಿ ಶಾಲೆಗೆ ಹೋಗಿಬಿಡಬಹುದಿತ್ತು.

ಈ ಯಾದಿಯನ್ನು ಪೂರ್ತಿ ಕೇಳಿದ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಚಿಂತಿ ಮಾಡಾಕ ಪಗಾರ ಕೊಡ್ತಿದ್ರ ನಾವು ಇಷ್ಟೊತ್ತಿಗೆ ಮಾಳಗಿ ಮ್ಯಾಲ ಮಾಳಗಿ ಏರಸ್ತಿದ್ವಿ” ಎಂದಳು.

ನಮ್ಮದು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಒಂದು ಹಳ್ಳಿಯ ಸರಕಾರಿ ಶಾಲೆ. ಗಣಿತದ ಹುದ್ದೆ ಖಾಲಿ. ಲಕ್ಷ್ಮೇಶ್ವರದ ಬಳೆ ಅಂಗಡಿಯವರ ಮಗಳೊಬ್ಬರು ಶಾಲಾ ಸಮಿತಿ ಕೊಡುವ ಅಷ್ಟಿಷ್ಟಕ್ಕೆ ಬಸ್ಸಿನಲ್ಲಿ ಬಂದು ಕಲಿಸುತ್ತಿದ್ದರು. ಭಿನ್ನರಾಶಿ ಎಂದರೆ ಮೇಜಿನಡಿ ಅಡಗುತ್ತಿದ್ದ ಏಳನೇ ತರಗತಿ, ಅವರು ರೊಟ್ಟಿ ಮುರಿದು ಕಲಿಸತೊಡಗಿದ ಮೇಲೆ ಕೈ ಎತ್ತಲು ಜಗಳಾಡುತ್ತಿತ್ತು. ಆದರೆ ಸಮಿತಿಯ ರೊಕ್ಕ ಮುಗಿದಿತ್ತು. ಗದಗಿನವರಿಗೆ ಅವರು ಸೋಮವಾರ ಉತ್ತರ ಹೇಳಬೇಕಿತ್ತು.

“ನನಗ ಹೋಗೋ ಮನಸಿಲ್ರಿ ಸರ್. ಆದ್ರ ನಮ್ಮ ಅಬ್ಬಾ ಕೇಳ್ತಾರ್ರಿ, ಬಸ್ಸಿನ ರೊಕ್ಕಾನೂ ಮನಿಯಿಂದನ ಒಯ್ತೀಯಲ್ಲ, ಇದು ನೌಕರಿನೋ ಪಿಕ್‌ನಿಕ್ಕೋ ಅಂತ.”

ಇತ್ತ ಗದಗ-ಬೆಟಗೇರಿಯ ಕಟ್ಟಡಗಳಿಗೆ ನೀರು ಹೊತ್ತ ಟ್ಯಾಂಕರುಗಳು ದಿನವಿಡೀ ನಮ್ಮ ಶಾಲೆಯ ಮುಂದೆಯೇ ಹಾಯುತ್ತಿದ್ದವು. ಅಂಗಳದ ಕೈಪಂಪು ಮಾತ್ರ ಬರೀ ಗಾಳಿ ಕೆಮ್ಮುತ್ತಿತ್ತು. ನೀರು ಮಾರುವ ಬೋರಿನವರಿಂದ ಟ್ಯಾಂಕರಿಗೆ ಇಷ್ಟು ಎಂದು ಟೀಚರ ಪಗಾರಕ್ಕೆ ಕೇಳೋಣ ಎಂದಿತು ಸಮಿತಿ. ಕೇಳುವವನು ನಾನು. ಎಲ್ಲರಿಗಿಂತ ಹೆಚ್ಚು ನೀರು ಮಾರುತ್ತಿದ್ದ ಅಜ್ಜನಿಗೆ ನನ್ನ ಅತ್ಯುತ್ತಮ ಕಚೇರಿ ಕನ್ನಡದಲ್ಲಿ ‘ಅಂತರ್ಜಲ ಬಳಕೆ ಶುಲ್ಕ’ ಎಂದು ಪತ್ರ ಬರೆದೆ. ಬರೆದು, ನಾನೇ ಎರಡು ಸಲ ಓದಿಕೊಂಡು ಹಿಗ್ಗಿದೆ.

ಶನಿವಾರ ಮಧ್ಯಾಹ್ನ ಹೋದಾಗ ಅಜ್ಜ ಕಟ್ಟೆಯ ಮೇಲೆ ಕೂತು ಸಣ್ಣ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ನಾಯಿ ಮಲಗಿತ್ತು. ಪತ್ರವನ್ನು ಮಾರು ದೂರ ಹಿಡಿದು ಓದಿದರು.

“ಶುಲ್ಕ? ನನ್ನ ಹೊಲದಾಗಿನ ಬೋರಿಗೆ ಶುಲ್ಕ ಹಾಕಾಕ ನೀವ್ಯಾರ್ರೀ ಮಾಸ್ತರ? ಇವತ್ತು ಶುಲ್ಕ ಅಂತೀರಿ, ನಾಳೆ ಮೀಟರ್ ಕುಂಡರಸ್ತೀರಿ, ನಾಡಿದ್ದು ಕೋರ್ಟಿಗೆ ಎಳೀತೀರಿ!”

ನಾಯಿ ಒಂದು ಕಣ್ಣು ತೆರೆಯಿತು. ಪತ್ರ ಹಿಂದಕ್ಕೆ ಇಸಿದುಕೊಳ್ಳುವ ಅವಸರದಲ್ಲಿ ನಾನು ತೊದಲಿದೆ: “ಹಂಗಲ್ರೀ ಅಜ್ಜಾರ, ಇದು ಒಂಥರಾ... ಊರಾಗ ಪಟ್ಟಿ ಎತ್ತತೀರಲ್ರೀ, ಹಂಗ.”

ಕುಟ್ಟಾಣಿ ನಿಂತಿತು. ಪಟ್ಟಿ ಎಂದರೆ ನಮ್ಮ ಕಡೆ ಊರ ಕೆಲಸಕ್ಕೆ ಮನೆಮನೆಯಿಂದ ಎತ್ತುವ ವಂತಿಗೆ. ಕೊಡು ಎಂದು ಯಾವ ಕಾನೂನೂ ಹೇಳುವುದಿಲ್ಲ. ಕೊಡದವನು ಚಹಾದಂಗಡಿಯಲ್ಲಿ ತಲೆ ಎತ್ತುವಂತಿಲ್ಲ, ಅಷ್ಟೇ.

“ಪಟ್ಟಿ ಅಂತ ಮೊದಲ ಹೇಳೂದಲ್ಲೇನ್ರೀ! ನಿಮ್ಮ ಶಾಲಿ ಗ್ವಾಡಿಗೆ ನಮ್ಮಪ್ಪ ಕಲ್ಲು ಹೇರ್‍ಯಾನ. ಪಟ್ಟಿ ಒಲ್ಲೆ ಅಂದ ಮನಿ ಅಲ್ಲ ನಮ್ದು. ಉಳಿದ ಬೋರಿನವ್ರಿಗೂ ನಾನ ಹೇಳ್ತೀನಿ.”

ಬೇರೆಯವರಾಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದರು. ನಾನು ಹೊಸ ಚಿಂತೆ ತೆಗೆದೆ. “ಖರೆ ಅಜ್ಜಾರ, ಟ್ಯಾಂಕರ್ ಓಡಿದಷ್ಟು ಶಾಲಿಗೆ ಚಲೋ, ನೆಲದಾಗಿನ ನೀರಿಗೆ ಕೇಡು. ನಾಳೆ ಮಾಸ್ತರ ಆದಾಂವ ಟ್ಯಾಂಕರ್ ಬರ್ಲಿ ಅಂತ ಹಾದಿ ಕಾಯೂಹಂಗ ಆದ್ರ?”

ಅಜ್ಜ ನನ್ನನ್ನು ಮರುಕದಿಂದ ನೋಡಿದರು. “ಪಟ್ಟಿ ಭಾರ ಆತಂದ್ರ ಟ್ಯಾಂಕರ್ ಕಮ್ಮಿ ಆಗ್ತಾವ, ನೀರು ಉಳೀತೈತಿ. ಹಗುರ ಆತಂದ್ರ ಟೀಚರ್ ಉಳೀತಾರ. ಎರಡ್ರಾಗ ಒಂದರ ಉಳೀತೈತಿ, ಸುಮ್ನಿರ್ರಿ.”

ಈ ಉತ್ತರ ಪೂರ್ತಿ ಸರಿಯೋ ಎಂದು ಕೈಪಂಪು ಕೆಮ್ಮಿದಾಗಲೆಲ್ಲ ಈಗಲೂ ಯೋಚಿಸುತ್ತೇನೆ.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಜ್ಜ ಮಡಿಧೋತರ ಉಟ್ಟು, ರುಮಾಲು ಸುತ್ತಿ ಬಂದರು. ಸಮಿತಿಯವರ ಕೈಗೆ ಪಟ್ಟಿ ಕೊಟ್ಟರು, ಪಾವತಿ ಚೀಟಿ ಇಸಿದುಕೊಂಡರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೀಚರು ಗದಗಿಗೆ ಫೋನು ಹಚ್ಚಿ, “ಇಲ್ರಿ, ಬರಾಂಗಿಲ್ರಿ” ಎಂದಷ್ಟೇ ಹೇಳಿ, ಸೀಮೆಸುಣ್ಣ ತೆಗೆದುಕೊಂಡು ಏಳನೇ ತರಗತಿಗೆ ಹೋದರು.

ನನ್ನ ಎದೆ ಹಗುರಾಯಿತು. ಅಜ್ಜ ಮಾತ್ರ ಏಳಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದರು. ಚಹಾ ತರಿಸಿದೆ, ಕುಡಿದರು. ಮತ್ತೂ ಕೂತರು.

“ಮಾಸ್ತರ, ಕಾಯಿ?”

“ಯಾವ ಕಾಯ್ರಿ?”

“ಪಟ್ಟಿ ಕೊಟ್ಟಾವ್ರ ಕೈಗೆ ಕಾಯಿ ಹೋಳು ಇಡೂದಿಲ್ಲೇನ್ರೀ? ಪಟ್ಟಿ ಅಂದಾವ್ರು ನೀವಲ್ಲ?”

ನೋಟಿಸಿನಿಂದ ನಾಯಿಯವರೆಗೆ ಎಲ್ಲವನ್ನೂ ಚಿಂತಿಸಿದ್ದ ನನಗೆ ಒಂದು ತೆಂಗಿನಕಾಯಿ ಹೊಳೆದಿರಲಿಲ್ಲ. ಬಿಸಿಯೂಟದ ಅಡುಗೆಮನೆಗೆ ಓಡಿದೆ. ಕಾಯಿ ಇಲ್ಲ. ಬಾಳೆಹಣ್ಣೂ ತೀರಿತ್ತು. ಡಬ್ಬಿಯಲ್ಲಿದ್ದದ್ದು ಮಕ್ಕಳಿಗೆ ಹಂಚುವ ಶೇಂಗಾ ಚಿಕ್ಕಿ. ನನ್ನ ಪಾಲಿನದೆಂದುಕೊಂಡು ಒಂದನ್ನು ತಟ್ಟೆಯಲ್ಲಿಟ್ಟು, ಎರಡೂ ಕೈಯಿಂದ ಭಕ್ತಿಯಿಂದ ಕೊಟ್ಟೆ.

ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡರು. ಉಗುರಿನಿಂದ ತಟ್ಟಿ ನೋಡಿದರು. ಆಮೇಲೆ ಬಾಯಿ ತುಂಬ ನಕ್ಕರು; ಆ ಬಾಯಲ್ಲಿ ಒಂದೇ ಒಂದು ಹಲ್ಲೂ ಇರಲಿಲ್ಲ.

“ಕುಟ್ಟಾಣಿ ಮನ್ಯಾಗ ಬಿಟ್ಟು ಬಂದೇನ್ರೀ ಮಾಸ್ತರ.”